ಮಲೆನಾಡಿನಲ್ಲಿ ಫೈಬರ್ ಇಂಟರ್ನೆಟ್ ಕೊಡಲು ಹೊರಟವರಿಗೆ: ಓಎಲ್‌ಟಿ, ಓಎನ್‌ಯು ಆರಿಸುವ ಬಗೆ

"ಓಎಲ್‌ಟಿ ನಾಲ್ಕು ಪೋರ್ಟಿನದ್ದು ಸಾಕಾ, ಎಂಟು ಪೋರ್ಟಿನದ್ದೇ ತಗೊಳ್ಳಲಾ?" ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಕೇಬಲ್ ಟೀವಿಯವರು ಕೇಳುತ್ತಾರೆ, ಊರಿಗೆ ವಾಪಸ್ ಬಂದು ಏನಾದರೂ ಮಾಡಬೇಕು ಅಂತಿರುವ ಹುಡುಗರೂ ಕೇಳುತ್ತಾರೆ. ಫೋನಿನಲ್ಲಿ ಒಂದು ಮಾತಿನಲ್ಲಿ ಉತ್ತರ ಹೇಳಿದರೆ ನಿಮಗೆ ಮೋಸ ಮಾಡಿದಂತಾಗುತ್ತದೆ. ದಾರಿ ಎಷ್ಟು ದೂರ, ಮನೆಗಳು ಹೇಗೆ ಹರಡಿವೆ, ಕರೆಂಟು ಹೋದರೆ ಎಷ್ಟು ಹೊತ್ತು ನಡೆಸಬೇಕು ಎನ್ನುವುದು ಗೊತ್ತಾದ ಮೇಲಷ್ಟೇ ಪೋರ್ಟಿನ ಮಾತು. ಬಯಲುಸೀಮೆಯ ಊರಿಗೆ ಹೊಂದಿದ ಸಾಮಾನು ಇಲ್ಲಿನ ಮಳೆ, ಸಿಡಿಲಿಗೆ ಒಂದೇ ವರ್ಷದಲ್ಲಿ ಸೋತದ್ದನ್ನು ನಾನು ನೋಡಿದ್ದೇನೆ. ಇಲ್ಲಿ ಎಷ್ಟೋ ಮನೆಗಳಿಗೆ ಮೊಬೈಲ್ ಸಿಗ್ನಲ್ಲೇ ಇಲ್ಲ. ನೀವು ಎಳೆಯುವ ಫೈಬರ್ ಮೇಲಿನ ವೈಫೈ ಕಾಲಿಂಗೇ ಆ ಮನೆಯ ಫೋನು. ರಾತ್ರಿ ಆಂಬುಲೆನ್ಸ್ ಕರೆಯಬೇಕಾದರೂ ಅದೇ ಗತಿ. ಹಾಗಾಗಿ ವೇಗಕ್ಕಿಂತ ಮೊದಲು, ನಿಲ್ಲದೆ ನಡೆಯುವುದನ್ನು ನೋಡಿ ಸಾಮಾನು ಆರಿಸಿ.

ಶುರು ಮಾಡುವ ಮೊದಲು ನಾಲ್ಕು ಪದ. ಓಎಲ್‌ಟಿ ಎಂದರೆ ನಿಮ್ಮ ಆಫೀಸಿನಲ್ಲಿ ಕೂತು ಫೈಬರಿಗೆ ಬೆಳಕು ಬಿಡುವ ಪೆಟ್ಟಿಗೆ, ಅದರಲ್ಲಿ ಒಂದೊಂದು ಫೈಬರ್ ಎಳೆ ಹೊರಡುವ ಕಿಂಡಿಯೇ ಪೋರ್ಟ್. ಓಎನ್‌ಯು ಎಂದರೆ ಗಿರಾಕಿಯ ಮನೆಯಲ್ಲಿ ಆ ಬೆಳಕನ್ನು ಹಿಡಿದು ವೈಫೈ ಮಾಡುವ ಡಬ್ಬ. ಜನ ಅದನ್ನೇ ಮೋಡೆಮ್ ಅನ್ನುತ್ತಾರೆ. ಸ್ಪ್ಲಿಟರ್ ಒಂದು ಎಳೆಯ ಬೆಳಕನ್ನು ನಾಲ್ಕೋ ಎಂಟೋ ಎಳೆಗೆ ಸಮನಾಗಿ ಹಂಚುತ್ತದೆ, ಅದಕ್ಕೆ ಕರೆಂಟು ಬೇಡ. ಡಿಬಿ ಎನ್ನುವುದು ಬೆಳಕು ಎಷ್ಟು ಸೋರಿತು ಎನ್ನುವ ಅಳತೆ: 3 ಡಿಬಿ ಹೋದರೆ ಅರ್ಧ ಉಳಿಯಿತು, 10 ಡಿಬಿ ಹೋದರೆ ಹತ್ತರಲ್ಲೊಂದು ಪಾಲು ಉಳಿಯಿತು.

1. ಕಾಗದಪತ್ರ ಮೊದಲು

ಇಂಟರ್ನೆಟ್ ಮಾರಲು ಕೇಂದ್ರದ ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು. ಸ್ವಂತಕ್ಕೆ ಪಡೆಯಬಹುದು, ಇಲ್ಲವೇ ಪರವಾನಗಿ ಇರುವ ಸಂಸ್ಥೆಯ ಫ್ರಾಂಚೈಸಿ ಆಗಬಹುದು. ಇನ್ನೂರು ಮುನ್ನೂರು ಮನೆಯ ಅಂದಾಜಿದ್ದರೆ ಫ್ರಾಂಚೈಸಿಯೇ ಸುಲಭ. ಮನೆಗೆಂದು ಪಡೆದ ಒಂದು ಬ್ರಾಡ್‌ಬ್ಯಾಂಡ್ ಕನೆಕ್ಷನ್ನನ್ನು ಅಕ್ಕಪಕ್ಕದ ಮನೆಗಳಿಗೆ ಹಂಚಿ ದುಡ್ಡು ಪಡೆಯುವ ಯೋಚನೆ ಇದ್ದರೆ ಈಗಲೇ ಬಿಡಿ, ಅದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ.

ಸಾಮಾನಿಗೂ ನಿಯಮವಿದೆ. 2021ರ ಜೂನ್ 15ರಿಂದ ಪರವಾನಗಿ ಪಡೆದ ಸಂಸ್ಥೆಗಳು ಸರಕಾರ ನಂಬಿಗಸ್ತ ಎಂದು ಗುರುತಿಸಿದ ಮೂಲದ ಉಪಕರಣಗಳನ್ನು ಮಾತ್ರ ಹೊಸದಾಗಿ ಜಾಲಕ್ಕೆ ಸೇರಿಸಬೇಕು. ಇದರ ಜತೆ ದೂರಸಂಪರ್ಕ ಉಪಕರಣಗಳಿಗೆ ಕಡ್ಡಾಯ ಪರೀಕ್ಷೆಯ ಪ್ರಮಾಣಪತ್ರವೂ ಇರಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಬೆಂಗಳೂರಿನ ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿತೆಂದು ತರುತ್ತಾರೆ, ಆಮೇಲೆ ಮೇಲಿನ ಸಂಸ್ಥೆ ಜೋಡಿಸಲು ಒಪ್ಪುವುದಿಲ್ಲ. ನಿಮಗೆ ಇಂಟರ್ನೆಟ್ ಕೊಡುವ ಸಂಸ್ಥೆಯಿಂದ ಯಾವ ಯಾವ ಮಾಡೆಲ್ ನಡೆಯುತ್ತದೆ ಎನ್ನುವ ಪಟ್ಟಿಯನ್ನು ಬರಹದಲ್ಲಿ ತರಿಸಿಕೊಂಡು, ಅದರೊಳಗಿಂದಲೇ ಆರಿಸಿ.

ಕಂಬಕ್ಕೆ ಮೆಸ್ಕಾಂ, ರಸ್ತೆ ಬದಿಗೆ ಆಯಾ ರಸ್ತೆಯ ಇಲಾಖೆ, ಊರೊಳಗೆ ಗ್ರಾಮ ಪಂಚಾಯಿತಿ, ಹೀಗೆ ಒಬ್ಬೊಬ್ಬರ ಒಪ್ಪಿಗೆ ಒಂದೊಂದು ಕಡೆ ಬೇಕು. ಕಾಡಿನೊಳಗೆ ಹಾದರೆ ಅರಣ್ಯ ಇಲಾಖೆಯದ್ದೂ ಬೇಕು. ಶರಾವತಿ ಕಣಿವೆ ಅಭಯಾರಣ್ಯದ ಸುತ್ತಮುತ್ತ, ಆಗುಂಬೆಯ ಆಚೆ ಸೋಮೇಶ್ವರ ಅಭಯಾರಣ್ಯದ ಕಡೆ ಇರುವವರು ಈ ಒಂದು ಕಾಗದಕ್ಕೇ ತಿಂಗಳುಗಟ್ಟಲೆ ಇಟ್ಟುಕೊಳ್ಳಿ. ದಾರಿಗೆ ಒಪ್ಪಿಗೆ ಸಿಗುವವರೆಗೆ ಓಎಲ್‌ಟಿ ಕೊಳ್ಳಬೇಡಿ.

2. ಮನೆ ಎಣಿಸಿ, ದಾರಿ ಅಳೆಯಿರಿ

ಬಯಲುಸೀಮೆಯ ಹಳ್ಳಿಯಲ್ಲಿ ಒಂದು ಕಂಬದಿಂದ ಎಂಟು ಮನೆಗೆ ತಂತಿ ಎಳೆಯಬಹುದು. ನಮ್ಮಲ್ಲಿ ಒಂದೊಂದು ಮನೆ ಒಂದೊಂದು ತೋಟದ ತಲೆಯಲ್ಲಿ. ನಡುವೆ ಗದ್ದೆ, ಹಳ್ಳ, ಧರೆ. ಹಾಗಾಗಿ ಮೊಬೈಲಿನ ನಕ್ಷೆಯಲ್ಲಿ ಅಳೆದು ಸುಮ್ಮನಾಗಬೇಡಿ, ದಾರಿಯನ್ನು ನಡೆದೇ ನೋಡಿ. ಒಂದು ನೋಟ್‌ಬುಕ್ಕಿನಲ್ಲಿ ಕಂಬದಿಂದ ಕಂಬಕ್ಕೆ ದೂರ, ಕೇರಿಗೆ ಎಷ್ಟು ಮನೆ, ಎಲ್ಲಿ ಮರ ಬೀಳುವ ಹಾಗಿದೆ ಎಂದು ಬರೆದುಕೊಳ್ಳಿ. ಕೇಬಲ್ ಜೋಲುವುದಕ್ಕೆ, ಪ್ರತಿ ಜಾಯಿಂಟಿನ ಹತ್ತಿರ ಹತ್ತು ಹದಿನೈದು ಮೀಟರ್ ಸುರುಳಿ ಬಿಡುವುದಕ್ಕೆ ದಾರಿಯ ಅಳತೆಗಿಂತ ನೂರಕ್ಕೆ ಹತ್ತು ಹನ್ನೆರಡು ಪಾಲು ಹೆಚ್ಚು ಬೇಕಾಗುತ್ತದೆ. ಆ ಸುರುಳಿಯಲ್ಲಿ ಜಿಪುಣತನ ಮಾಡಬೇಡಿ. ಮಳೆಗಾಲದಲ್ಲಿ ಕೊಂಬೆ ಬಿದ್ದು ತುಂಡಾದಾಗ ಕೇಬಲ್ಲನ್ನು ಎಳೆದು ಜೋಡಿಸಲು ಅದೇ ಆಸರೆ.

3. ಬೆಳಕಿನ ಲೆಕ್ಕ ಹಾಕಿ

ಇಡೀ ಕೆಲಸದ ಅಡಿಪಾಯ ಇದು. ಕೂಡುವುದು ಕಳೆಯುವುದು ಬಂದರೆ ಸಾಕು, ಇಂಜಿನಿಯರಿಂಗ್ ಓದಿರಬೇಕಾಗಿಲ್ಲ.

ಯಾವುದರಲ್ಲಿ ಎಷ್ಟು ಸೋರುತ್ತದೆ ಎಂದು ತಿಳಿದುಕೊಳ್ಳಿ. ಫೈಬರಿನಲ್ಲಿ ಕಿಲೋಮೀಟರಿಗೆ 0.35 ಡಿಬಿ ಹಿಡಿಯಿರಿ. ಸ್ಪ್ಲೈಸಿಂಗ್ ಮಷಿನ್ನಿನಲ್ಲಿ ಬೆಸೆದ ಜಾಯಿಂಟಿಗೆ 0.1, ಚುಚ್ಚಿ ತೆಗೆಯುವ ಕನೆಕ್ಟರಿಗೆ 0.4. ಸ್ಪ್ಲಿಟರಿನಲ್ಲಿ ಎರಡು ಪಾಲಾದರೆ ಸುಮಾರು 3.7, ನಾಲ್ಕಾದರೆ 7.3, ಎಂಟಾದರೆ 10.5, ಹದಿನಾರಾದರೆ 13.8, ಮೂವತ್ತೆರಡಾದರೆ 17 ಡಿಬಿ.

ನಿಮ್ಮ ಆಫೀಸಿನಿಂದ 12 ಕಿಲೋಮೀಟರ್ ದೂರದ ಒಂದು ಊರು ಎಂದುಕೊಳ್ಳಿ. ಸುರುಳಿ ಸೇರಿ ಕೇಬಲ್ 13.5 ಕಿಲೋಮೀಟರ್, ಅದರಲ್ಲಿ ಸೋರುವುದು 4.7 ಡಿಬಿ. ಊರ ಬಾಗಿಲಿನಲ್ಲಿ ನಾಲ್ಕರ ಸ್ಪ್ಲಿಟರ್, 7.3. ಅಲ್ಲಿಂದ ಪ್ರತಿ ಕೇರಿಯಲ್ಲಿ ಎಂಟರ ಸ್ಪ್ಲಿಟರ್, 10.5. ಹತ್ತು ಜಾಯಿಂಟಿಗೆ 1, ಮೂರು ಕನೆಕ್ಟರಿಗೆ 1.2. ಒಟ್ಟು 24.7 ಡಿಬಿ. ಬೆಳಕಿನ ಬಲವನ್ನು ಹೇಳುವುದು ಡಿಬಿಎಂನಲ್ಲಿ, ಸೊನ್ನೆಗಿಂತ ಕೆಳಗೆ ಹೋದಷ್ಟೂ ಬೆಳಕು ಕಡಿಮೆ. ಓಎಲ್‌ಟಿಯ ಪೋರ್ಟಿನಿಂದ +4 ಡಿಬಿಎಂ ಬೆಳಕು ಹೊರಟರೆ ಮನೆಗೆ ಮುಟ್ಟುವುದು −20.7.

ಜಿಪಾನ್ ಎನ್ನುವ ಪದ್ಧತಿಯ (ನಾಲ್ಕನೆಯ ಹಂತದಲ್ಲಿ ಹೇಳುತ್ತೇನೆ) ಓಎನ್‌ಯುಗಳು ಸಾಮಾನ್ಯವಾಗಿ −27ರವರೆಗೆ ಹಿಡಿಯುತ್ತವೆ. ಹಾಗಾದರೆ ಇನ್ನೂ 6 ಡಿಬಿ ಉಳಿಯಿತಲ್ಲ, ಊರ ಬಾಗಿಲಲ್ಲೂ ಎಂಟರದ್ದೇ ಹಾಕಿ ಇಮ್ಮಡಿ ಮನೆ ಸೇರಿಸೋಣ ಅನ್ನಿಸುತ್ತದೆ. ಹಾಕಿದರೆ −23.9 ಬರುತ್ತದೆ, ಮೊದಲ ದಿನ ಚೆನ್ನಾಗಿಯೇ ಓಡುತ್ತದೆ. ಆದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ದಾರಿಯಲ್ಲಿ ಹೊಸ ಜಾಯಿಂಟುಗಳು ಬಿದ್ದಿರುತ್ತವೆ, ಕನೆಕ್ಟರುಗಳಲ್ಲಿ ತೇವ ಕೂತಿರುತ್ತದೆ, ಎಲ್ಲೋ ಕೇಬಲ್ ಮಡಚಿಕೊಂಡಿರುತ್ತದೆ. 3 ಡಿಬಿ ಅದಕ್ಕೇ ಹೋಗುತ್ತದೆ. ಆಗ −26.9. ಮಧ್ಯಾಹ್ನ ನೆಟ್ ಬರುತ್ತದೆ, ಸಂಜೆ ಹೋಗುತ್ತದೆ, ನೀವು ಓಎನ್‌ಯು ಬದಲಿಸುತ್ತಲೇ ಇರುತ್ತೀರಿ. ಲೆಕ್ಕ ಹಾಕುವಾಗಲೇ 3 ಡಿಬಿಯನ್ನು ಮಳೆಗಾಲಕ್ಕೆ ಮೀಸಲಿಡಿ. ಎಲ್ಲ ಕಳೆದ ಮೇಲೆ −24ಕ್ಕಿಂತ ಕೆಳಗೆ ಇಳಿಯಬಾರದು ಎನ್ನುವುದು ನಾನು ಪಾಲಿಸುವ ಗೆರೆ.

ಬೆಳಕು ಹೆಚ್ಚಾದರೂ ತೊಂದರೆ. ಆಫೀಸಿನ ಪಕ್ಕದ ಮನೆಗೆ ಎರಡರ ಸ್ಪ್ಲಿಟರಿನಿಂದ ನೇರ ಕೊಟ್ಟರೆ −1ರ ಹತ್ತಿರ ಮುಟ್ಟುತ್ತದೆ. ಓಎನ್‌ಯು −8ಕ್ಕಿಂತ ಜಾಸ್ತಿ ಬೆಳಕನ್ನು ತಾಳುವುದಿಲ್ಲ. ಅಂಥಲ್ಲಿ ಬೆಳಕು ಕುಗ್ಗಿಸುವ ಅಟೆನ್ಯುಯೇಟರ್ ಹಾಕಿ.

ಒಂದೇ ರಸ್ತೆಯಲ್ಲಿ ಅರ್ಧ ಕಿಲೋಮೀಟರಿಗೆ ಒಂದು ಮನೆ ಇದ್ದರೆ ಸಮಪಾಲಿನ ಸ್ಪ್ಲಿಟರ್ ದಂಡ. ಅಲ್ಲಿಗೆ ಕೇಬಲ್‌ನವರು ಬಳಸುವ ಕಪ್ಲರೇ ಸರಿ: ನೂರರಲ್ಲಿ ಹತ್ತು ಪಾಲು ಆ ಮನೆಗೆ, ಉಳಿದ ತೊಂಬತ್ತು ಮುಂದಕ್ಕೆ. ಮುಂದೆ ಹೋಗುವ ಎಳೆಯಲ್ಲಿ ಸೋರುವುದು 0.6 ಡಿಬಿಯ ಆಸುಪಾಸು ಮಾತ್ರ. ಕೊಳ್ಳುವಾಗ 1310 (ಮನೆಯಿಂದ ವಾಪಸ್ ಬರುವ ಬೆಳಕು), 1490 (ಮನೆಗೆ ಹೋಗುವ ಬೆಳಕು), 1550 (ಟೀವಿಯ ಬೆಳಕು) ನ್ಯಾನೋಮೀಟರಿನ ಮೂರೂ ತರಂಗಕ್ಕೆ ಆಗುತ್ತದೆಯೇ ಎಂದು ಕೇಳಿ. ಟೀವಿಗೆಂದೇ ಮಾಡಿದ 1550ರ ಹಳೆಯ ಕಪ್ಲರುಗಳಲ್ಲಿ ಇಂಟರ್ನೆಟ್ಟಿನ ಬೆಳಕು ಲೆಕ್ಕಕ್ಕೆ ಸಿಗದಂತೆ ಹಂಚಿಹೋಗುತ್ತದೆ.

4. ಜಿಪಾನ್ ಬೇಕೋ, ಈಪಾನ್ ಬೇಕೋ

ಎರಡೂ ಒಂದೇ ಎಳೆಯಲ್ಲಿ ಹತ್ತಾರು ಮನೆಗೆ ಇಂಟರ್ನೆಟ್ ಕೊಡುವ ಪದ್ಧತಿಗಳೇ. ಜಿಪಾನಿನಲ್ಲಿ ಒಂದು ಪೋರ್ಟಿಗೆ ಕೆಳಮುಖವಾಗಿ (ಮನೆಯ ಕಡೆಗೆ) ಸುಮಾರು 2.5 ಜಿಬಿಪಿಎಸ್, ಮೇಲ್ಮುಖವಾಗಿ 1.25. ಈಪಾನಿನಲ್ಲಿ ಎರಡೂ ಕಡೆ 1.25, ಅದರಲ್ಲಿ ಕೈಗೆ ಸಿಗುವುದು 1 ಜಿಬಿಪಿಎಸ್. ಈಪಾನ್ ಅಗ್ಗ, ಬೇರೆ ಬೇರೆ ಕಂಪನಿಯ ಓಎನ್‌ಯುಗಳು ಹೆಚ್ಚು ತಕರಾರಿಲ್ಲದೆ ಹೊಂದುತ್ತವೆ. ಕೈಯಲ್ಲಿ ಈಗಾಗಲೇ ಈಪಾನ್ ಇದ್ದರೆ ಎಸೆಯಬೇಡಿ. ಹೊಸದಾಗಿ ಶುರು ಮಾಡುವವರು ಜಿಪಾನನ್ನೇ ತೆಗೆದುಕೊಳ್ಳಿ. ಓಎನ್‌ಯುಗಳನ್ನು ಮಾತ್ರ ಎರಡಕ್ಕೂ ಹೊಂದುವ ಎಕ್ಸ್‌ಪಾನ್ ಮಾದರಿಯದ್ದೇ ತರಿಸಿ. ನಾಳೆ ಓಎಲ್‌ಟಿ ಬದಲಿಸಿದರೂ ಮನೆಮನೆಯ ಡಬ್ಬ ಬದಲಿಸಬೇಕಾಗುವುದಿಲ್ಲ. 10 ಜಿಬಿಪಿಎಸ್‌ನ ಎಕ್ಸ್‌ಜಿಎಸ್‌ಪಾನ್ ನಮ್ಮ ಚದುರಿದ ಊರುಗಳಿಗೆ ಸದ್ಯಕ್ಕೆ ಬೇಡ.

5. ಈಗ ಪೋರ್ಟಿನ ಮಾತು

ಜಿಪಾನಿನ ಒಂದು ಪೋರ್ಟಿಗೆ 128 ಓಎನ್‌ಯು ಎಂದು ಕಾಗದದಲ್ಲಿ ಬರೆದಿರುತ್ತಾರೆ. ಮೂರನೆಯ ಹಂತದ ಲೆಕ್ಕ ಮಾಡಿದವರಿಗೆ ಗೊತ್ತು, ನಮ್ಮ ದೂರಕ್ಕೆ 32 ದಾಟಿದರೆ ಕಷ್ಟ. ನೂರು ಮನೆಗೆ ನಾಲ್ಕು ಪೋರ್ಟಿನದ್ದು ಸಾಕು. ಇನ್ನೂರರ ಮೇಲೆ ಹೋಗುವ ಭರವಸೆ ಇದ್ದರೆ ಎಂಟು ಪೋರ್ಟಿನದ್ದು ತಂದು, ಈಗ ಬೇಕಾದಷ್ಟು ಪೋರ್ಟಿಗೆ ಮಾತ್ರ ಎಸ್‌ಎಫ್‌ಪಿ ಹಾಕಿ. ಎಸ್‌ಎಫ್‌ಪಿ ಎಂದರೆ ಪೋರ್ಟಿನೊಳಗೆ ತೂರಿಸುವ, ಬೆಳಕು ಹುಟ್ಟಿಸುವ ಹೆಬ್ಬೆರಳು ಗಾತ್ರದ ಭಾಗ. ಅದರಲ್ಲಿ ಬಿ ಪ್ಲಸ್, ಸಿ ಪ್ಲಸ್ ಎಂಬ ದರ್ಜೆಗಳಿವೆ: ಬಿ ಪ್ಲಸ್ 28 ಡಿಬಿ ಸೋರಿಕೆಯನ್ನು ತಾಳುತ್ತದೆ, ಸಿ ಪ್ಲಸ್ 32. ಮಲೆನಾಡಿಗೆ ಸಿ ಪ್ಲಸ್ಸೇ ಇರಲಿ.

ದೂರ 20 ಕಿಲೋಮೀಟರ್ ದಾಟಿದರೆ ಒಂದೇ ದೊಡ್ಡ ಓಎಲ್‌ಟಿಯಿಂದ ಎಲ್ಲರಿಗೂ ಕೊಡುವ ಹಟ ಬೇಡ. ತೀರ್ಥಹಳ್ಳಿಯಲ್ಲಿ ಕೂತು ಆಗುಂಬೆಯ ಮನೆಗಳಿಗೆ ಬೆಳಕು ಹಂಚುವ ಬದಲು, ಅಲ್ಲೇ ಯಾರದಾದರೂ ಅಂಗಡಿಯ ಒಣ ಕೋಣೆಯಲ್ಲಿ ಎರಡು ಅಥವಾ ನಾಲ್ಕು ಪೋರ್ಟಿನ ಪುಟ್ಟ ಓಎಲ್‌ಟಿ ಇಟ್ಟು, 40 ಕಿಲೋಮೀಟರ್ ತಾಳುವ ಬೇರೆ ಎಸ್‌ಎಫ್‌ಪಿಯಿಂದ ಅದಕ್ಕೆ ಇಂಟರ್ನೆಟ್ ಮುಟ್ಟಿಸಿ.

ಕೊಳ್ಳುವಾಗ ಈ ಕೆಲವನ್ನು ಕೇಳಲೇಬೇಕು. ಎರಡು ಪವರ್ ಸಪ್ಲೈ ಹಾಕುವ ಜಾಗ ಇದೆಯೇ? ಮೇಲಿನ ಜಾಲಕ್ಕೆ ಜೋಡಿಸಲು 10 ಜಿಬಿಪಿಎಸ್ ಪೋರ್ಟ್ ಇದೆಯೇ? ಕೆಟ್ಟ ಓಎನ್‌ಯು ಪತ್ತೆ ಮಾಡಿ ಕಡಿದುಹಾಕುತ್ತದೆಯೇ? ಈ ಮೂರನೆಯದು ತುಂಬಾ ಮುಖ್ಯ. ಒಂದೇ ಒಂದು ಓಎನ್‌ಯು ಕೆಟ್ಟು ತನ್ನ ಸರದಿ ಬಿಟ್ಟು ಸದಾ ಬೆಳಕು ಬಿಡತೊಡಗಿದರೆ ಆ ಪೋರ್ಟಿನ ಅಷ್ಟೂ ಮನೆಗಳ ನೆಟ್ ನಿಲ್ಲುತ್ತದೆ. ಆ ಸೌಲಭ್ಯ ಇಲ್ಲದಿದ್ದರೆ ಮಳೆಯಲ್ಲಿ ಒಂದೊಂದೇ ಕೇರಿಯ ಫೈಬರ್ ಕಿತ್ತು ನೋಡುತ್ತಾ ಹೋಗಬೇಕು. ಇನ್ನೊಂದು, ಓಎಲ್‌ಟಿ ತನ್ನ ಕಂಪನಿಯ ಓಎನ್‌ಯು ಬಿಟ್ಟು ಬೇರೆಯದನ್ನು ಒಪ್ಪುತ್ತದೆಯೇ ಎನ್ನುವುದು. ಬಾಯಿಮಾತು ನಂಬಬೇಡಿ, ಎರಡು ಬೇರೆ ಕಂಪನಿಯ ಓಎನ್‌ಯು ಹಿಡಿದುಕೊಂಡು ಹೋಗಿ ಅಂಗಡಿಯಲ್ಲೇ ಹಚ್ಚಿ ನೋಡಿ.

ಮೇಲಿನ ಸಂಸ್ಥೆಯಿಂದ ಎಷ್ಟು ಬ್ಯಾಂಡ್‌ವಿಡ್ತ್ ಕೊಳ್ಳಬೇಕು ಎನ್ನುವುದಕ್ಕೆ ಹಳೆಯ ಡಯಲ್‌ಅಪ್ ಕಾಲದ ತರ್ಕವೇ ಇವತ್ತಿಗೂ ದಾರಿ. 1998ರಲ್ಲಿ ಖಾಸಗಿಯವರಿಗೆ ಅನುಮತಿ ಸಿಕ್ಕ ಮೇಲೆ ಸಣ್ಣ ಸಂಸ್ಥೆಗಳು ಸುಮಾರು ಹತ್ತು ಗಿರಾಕಿಗೆ ಒಂದು ಫೋನ್ ಲೈನು, ಒಂದು ಮೋಡೆಮ್ ಎಂದು ಇಡುತ್ತಿದ್ದವು, ಎಲ್ಲರೂ ಒಟ್ಟಿಗೆ ಬರುವುದಿಲ್ಲ ಎನ್ನುವ ಲೆಕ್ಕದಲ್ಲಿ. ಬಂದರೆ ಎಂಗೇಜ್ ಟೋನ್. ಈಗ ಎಂಗೇಜ್ ಆಗುವುದಿಲ್ಲ, ಎಲ್ಲರದ್ದೂ ನಿಧಾನವಾಗುತ್ತದೆ. ನಾನು ಮನೆಗೆ 2 ಎಂಬಿಪಿಎಸ್ ಎಂದು ಹಿಡಿದು ಶುರು ಮಾಡುತ್ತೇನೆ: 150 ಮನೆಗೆ 300. ಆಮೇಲೆ ರಾತ್ರಿ ಎಂಟರಿಂದ ಹತ್ತರ ಗ್ರಾಫ್ ನೋಡಿ ಏರಿಸುವುದು. ಸಾಧ್ಯವಾದರೆ ಎರಡು ದಿಕ್ಕಿನಿಂದ ಲೈನ್ ತನ್ನಿ. ಶಿವಮೊಗ್ಗದ ಕಡೆಯ ರಸ್ತೆಯಲ್ಲಿ ಮರ ಬಿದ್ದ ದಿನ ಸಾಗರದ ಕಡೆಯಿಂದ ಬರುವ ಎಳೆ ಉಳಿಸುತ್ತದೆ.

6. ಮನೆಯ ಡಬ್ಬ

2.4 ಗಿಗಾಹರ್ಟ್ಸ್ ವೈಫೈ ಗೋಡೆ ದಾಟಿ ದೂರ ಹೋಗುತ್ತದೆ, 5 ಗಿಗಾಹರ್ಟ್ಸ್ ಹತ್ತಿರದಲ್ಲಿ ವೇಗವಾಗಿರುತ್ತದೆ. ನಮ್ಮ ಮನೆಗಳ ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆ ಎರಡನ್ನೂ ತಡೆಯುತ್ತವೆ. ಹಾಗಾಗಿ ಎರಡೂ ಇರುವ ಡಬ್ಬ ಕೊಡಿ, ಮತ್ತು ಅದನ್ನು ಬಾಗಿಲ ಪಕ್ಕದ ಮೂಲೆಯಲ್ಲಿ ಬಿಟ್ಟುಬರಬೇಡಿ. ಜಗಲಿಗೂ ಒಳಮನೆಗೂ ನಡುವೆ, ಹೆಗಲೆತ್ತರದಲ್ಲಿ ಕೂರಿಸಿ. ಫೋನಿನಲ್ಲಿ ವೈಫೈ ಕಾಲಿಂಗ್ ಚಾಲೂ ಮಾಡುವುದನ್ನು ಮನೆಯ ಹಿರಿಯರಿಗೆ ನೀವೇ ತೋರಿಸಿ, ಒಂದು ಕರೆ ಮಾಡಿಸಿ. ಡಬ್ಬದ ಮೂಲ ಪಾಸ್‌ವರ್ಡ್ ಬದಲಿಸದೆ ಹೊರಡಬೇಡಿ. ಒಟ್ಟು ಓಎನ್‌ಯುಗಳಲ್ಲಿ ನೂರಕ್ಕೆ ಹತ್ತರಷ್ಟು ಸ್ಟಾಕಿನಲ್ಲಿರಲಿ, ಸಿಡಿಲಿನ ಏಪ್ರಿಲ್ ಮೇ ತಿಂಗಳಲ್ಲಿ ಅದೂ ಸಾಲುವುದಿಲ್ಲ.

7. ಸಿಡಿಲು, ಕೇಬಲ್, ಅರ್ತಿಂಗ್

ಇದನ್ನು ನಿಧಾನವಾಗಿ ಓದಿ.

ಫೈಬರ್ ಗಾಜು, ಅದರಲ್ಲಿ ಕರೆಂಟು ಹರಿಯುವುದಿಲ್ಲ, ಹಾಗಾಗಿ ಸಿಡಿಲಿನ ಭಯವಿಲ್ಲ ಎಂದು ಮಾರುವವರು ಹೇಳುತ್ತಾರೆ. ಗಾಜಿನ ಮಾತು ನಿಜ. ಆದರೆ ಅಗ್ಗದ ಡ್ರಾಪ್ ಕೇಬಲಿನೊಳಗೆ ಗಾಜಿನ ಎಳೆಯ ಪಕ್ಕದಲ್ಲಿ ಬಲಕ್ಕೆಂದು ಸ್ಟೀಲ್ ತಂತಿ ಇರುತ್ತದೆ. ಡ್ರಾಪ್ ಕೇಬಲ್ ಎಂದರೆ ಕಂಬದಿಂದ ಮನೆಗೆ ಇಳಿಯುವ ತೆಳು ಕೇಬಲ್. ಸಿಡಿಲು ಹತ್ತಿರದಲ್ಲಿ ಬಿದ್ದರೆ ಆ ತಂತಿಯೇ ಅದನ್ನು ಮನೆಯೊಳಗೆ ಕರೆತರುತ್ತದೆ. ನಾನು ಮೊದಲು ಹಾಕಿದ ಒಂದು ಸಾಲಿನಲ್ಲಿ ಹೀಗೇ ಒಂದೇ ಸಂಜೆ ಒಂಬತ್ತು ಮನೆಯ ಡಬ್ಬಗಳು ಸುಟ್ಟವು. ಆಮೇಲೆ ಅಷ್ಟೂ ಕೇಬಲ್ ಕಿತ್ತು ಎಫ್‌ಆರ್‌ಪಿಯದ್ದು ಹಾಕಿದೆ. ಎಫ್‌ಆರ್‌ಪಿ ಎಂದರೆ ಗಾಜಿನ ನಾರಿನಿಂದ ಮಾಡಿದ ಸರಳು, ಲೋಹ ಇಲ್ಲ. ಕಂಬದಿಂದ ಕಂಬಕ್ಕೆ ಹೋಗುವ ದೊಡ್ಡ ಕೇಬಲ್ಲೂ ಲೋಹವಿಲ್ಲದ ಎಡಿಎಸ್‌ಎಸ್ ಆಗಿರಲಿ. ಅಂಗಡಿಯವರ ಮಾತು ಸಾಲದು, ಒಂದು ಅಡಿ ತುಂಡು ಕತ್ತರಿಸಿ ಆಯಸ್ಕಾಂತ ಹಿಡಿದು ನೋಡಿ.

ಮನೆಯಿಂದ ಕೊಟ್ಟಿಗೆಗೋ ಅಡಿಕೆ ಮನೆಗೋ ಅಂಗಳ ದಾಟಿಸಿ ಲ್ಯಾನ್ ಕೇಬಲ್ ಎಳೆಯಬೇಡಿ. ಅದು ತಾಮ್ರ. ಅಲ್ಲಿಗೂ ಫೈಬರೇ ಎಳೆಯಿರಿ. ಅಡಾಪ್ಟರಿನ ಮೂಲಕ ಕರೆಂಟಿನ ಲೈನಿನಿಂದ ಬರುವ ಹೊಡೆತಕ್ಕೆ ಮಾತ್ರ ಗುಡುಗು ಕೇಳಿದೊಡನೆ ಪ್ಲಗ್ ಕೀಳುವುದೇ ಉಪಾಯ. ಇದನ್ನು ಮನೆಯವರಿಗೆ ಹೇಳಿ ಬನ್ನಿ.

ಆಫೀಸಿನ ಅರ್ತಿಂಗ್ 5 ಓಮ್‌ಗಿಂತ ಕಡಿಮೆ ಬರಬೇಕು. ನಮ್ಮ ಜಂಬಿಟ್ಟಿಗೆ ನೆಲದ ಕಷ್ಟ ಏನೆಂದರೆ, ಮಳೆಗಾಲದಲ್ಲಿ ಅಳೆದರೆ ಚೆನ್ನಾಗಿಯೇ ಬರುತ್ತದೆ, ಬೇಸಿಗೆಯಲ್ಲಿ ನೆಲ ಒಣಗಿ ಏರಿಬಿಡುತ್ತದೆ. ಸಿಡಿಲಿನ ಕಾಟ ಹೆಚ್ಚು ಇರುವುದೋ ಮುಂಗಾರು ಹಿಡಿಯುವ ಮೊದಲಿನ ಏಪ್ರಿಲ್ ಮೇಯಲ್ಲಿ. ಹಾಗಾಗಿ ಮಾರ್ಚ್ ಕೊನೆಯಲ್ಲಿ ಅಳೆಸಿ, ಇದ್ದಿಲು ಉಪ್ಪು ತುಂಬಿದ ಗುಂಡಿಗೆ ಆ ಎರಡು ತಿಂಗಳು ನೀರು ಹಾಕುತ್ತಿರಿ. ಕರೆಂಟು ಒಳಬರುವ ಕಡೆ ಸರ್ಜ್ ಅರೆಸ್ಟರ್ ಹಾಕಿಸಿ, ಓಎಲ್‌ಟಿ, ರೂಟರ್, ಇನ್ವರ್ಟರ್ ಎಲ್ಲವೂ ಒಂದೇ ಅರ್ತಿಗೆ ಸೇರಲಿ. ಬೇರೆ ಬೇರೆ ಅರ್ತಿಗೆ ಜೋಡಿಸಿದರೆ ಸಿಡಿಲಿನ ಹೊತ್ತಿನಲ್ಲಿ ಒಂದರಿಂದ ಇನ್ನೊಂದಕ್ಕೆ ಪೆಟ್ಟು ಹಾರುತ್ತದೆ.

ದಾರಿಯ ವಿಷಯ. ತೋಟದ ಒಳಗೆ ಕೇಬಲ್ ಹಾಯಿಸಬೇಡಿ, ಅಡಿಕೆ ಮರಕ್ಕಂತೂ ಕಟ್ಟಲೇಬೇಡಿ. ಗಾಳಿಗೆ ಮರ ತೂಗುತ್ತದೆ, ಸೋಗೆ ಬೀಳುತ್ತದೆ, ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗ ಪೈಪು ಎಳೆದಾಡುತ್ತಾರೆ, ಕೊನೆಗೌಡ ಇಳಿಸಿದ ಗೊನೆ ಹಗ್ಗದ ಮೇಲೆ ಬರುವಾಗ ನಿಮ್ಮ ಕೇಬಲ್ ಅಡ್ಡ ಸಿಗುತ್ತದೆ. ಬೇಲಿಯ ಅಂಚಿನಲ್ಲಿ ನಿಮ್ಮದೇ ಕಂಬ ನೆಟ್ಟು ಹೋಗಿ, ಸ್ವಲ್ಪ ಸುತ್ತಾದರೂ ಪರವಾಗಿಲ್ಲ. ಕರೆಂಟ್ ಕಂಬ ಹತ್ತುವುದಾದರೆ ಒಪ್ಪಿಗೆ ಇರುವ ಕಂಬ ಮಾತ್ರ, ಅದೂ ಲೈನ್‌ಮನ್ ಬಂದು ಕರೆಂಟು ತೆಗೆದು ಲೈನ್ ಕ್ಲಿಯರ್ ಕೊಟ್ಟ ಮೇಲೆ. ಒದ್ದೆ ಕಂಬಕ್ಕೆ ಯಾರನ್ನೂ ಹತ್ತಿಸಬೇಡಿ.

ಜಾಯಿಂಟ್ ಬಾಕ್ಸಿನ ಕೇಬಲ್ ತೂತು ಯಾವಾಗಲೂ ಕೆಳಮುಖವಾಗಿರಲಿ, ರಬ್ಬರ್ ಸರಿಯಾಗಿ ಕೂತಿರಲಿ. ಸಣ್ಣ ಸಂದು ಸಿಕ್ಕರೂ ಇರುವೆ ಗೂಡು ಕಟ್ಟುತ್ತದೆ. ಕೈಯಲ್ಲೇ ಒತ್ತಿ ಹಾಕುವ ಫಾಸ್ಟ್ ಕನೆಕ್ಟರುಗಳನ್ನು ಹೊರಗೆ ಬಳಸಬೇಡಿ. ತೇವಕ್ಕೆ ಅವು ಹಾಳಾಗುವುದೇ ಇಲ್ಲಿನ ಮಳೆಗಾಲದ ಅರ್ಧ ಕಂಪ್ಲೇಂಟಿನ ಮೂಲ. ಮಷಿನ್ನಿನಲ್ಲಿ ಬೆಸೆದರೆ ಸಮಯ ಹಿಡಿಯುತ್ತದೆ, ಆದರೆ ಮತ್ತೆ ಆ ಕಂಬಕ್ಕೆ ಹೋಗಬೇಕಾಗಿಲ್ಲ. ಹಸಿರು ಕನೆಕ್ಟರಿಗೆ ಹಸಿರು, ನೀಲಿಗೆ ನೀಲಿ. ಬೆರೆಸಿದರೆ ತುದಿಗಳು ಕೂಡುವುದಿಲ್ಲ, ಬೆಳಕು ಸೋರುತ್ತದೆ.

ಬೆಳಕು ಹರಿಯುತ್ತಿರುವ ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ. ಆ ಬೆಳಕು ಕಾಣುವುದಿಲ್ಲ, ಆದರೆ ಕಣ್ಣಿಗೆ ಅಪಾಯ. ಅದೇ ಎಳೆಯಲ್ಲಿ ಟೀವಿಯನ್ನೂ ಕಳಿಸುವವರ ಆಂಪ್ಲಿಫೈಯರ್ ಬೆಳಕು ಇನ್ನೂ ಜೋರು. ಕತ್ತರಿಸಿದ ಗಾಜಿನ ಚೂರುಗಳನ್ನು ಮುಚ್ಚಳದ ಡಬ್ಬಿಗೆ ಹಾಕಿ, ಜಗಲಿಯಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡುತ್ತಾರೆ.

8. ಕರೆಂಟು ಹೋದಾಗ

ಸಣ್ಣ ಓಎಲ್‌ಟಿ, ರೂಟರ್, ಸ್ವಿಚ್ ಸೇರಿ 150 ವ್ಯಾಟ್ ಎಂದುಕೊಳ್ಳಿ. 12 ವೋಲ್ಟ್, 150 ಎಎಚ್‌ನ ಎರಡು ಟ್ಯೂಬುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 3600 ವ್ಯಾಟ್ ಅವರ್ ಇದೆ. ಬ್ಯಾಟರಿ ಬಾಳಬೇಕಾದರೆ ಅರ್ಧ ಮಾತ್ರ ಬಳಸಬೇಕು, ಇನ್ವರ್ಟರಿನಲ್ಲೂ ಸ್ವಲ್ಪ ಹೋಗುತ್ತದೆ. ಸಿಗುವುದು 1500, ಅಂದರೆ ಹತ್ತು ಗಂಟೆ. ಜುಲೈಯ ಗಾಳಿಮಳೆಗೆ ಇದು ಸಾಲದು, ಸಣ್ಣ ಜನರೇಟರ್ ಇರಲಿ. ಓಎಲ್‌ಟಿಗೆ −48 ವೋಲ್ಟ್ ಡಿಸಿ ಪವರ್ ಸಪ್ಲೈ ಸಿಗುವುದಾದರೆ 12 ವೋಲ್ಟಿನ ನಾಲ್ಕು ಬ್ಯಾಟರಿಗಳನ್ನು ಒಂದರ ಹಿಂದೊಂದು (ಸೀರೀಸ್) ಜೋಡಿಸಿ ನೇರ ಕೊಡಬಹುದು, ಇನ್ವರ್ಟರಿನ ನಷ್ಟ ತಪ್ಪುತ್ತದೆ.

ನಿಮ್ಮ ಕಡೆ ಬ್ಯಾಟರಿ ಇದ್ದು ಗಿರಾಕಿಯ ಕಡೆ ಇಲ್ಲದಿದ್ದರೆ ಪ್ರಯೋಜನವಿಲ್ಲ. ಮನೆಯ ಡಬ್ಬಕ್ಕೆ 12 ವೋಲ್ಟಿನ ಪುಟ್ಟ ಯುಪಿಎಸ್ ಕೊಡಿ, ಅದರ ಬೆಲೆಯನ್ನು ಕನೆಕ್ಷನ್ನಿನ ಜತೆಗೇ ಸೇರಿಸಿ. ವಯಸ್ಸಾದವರು ಇಬ್ಬರೇ ಇರುವ ಮನೆಗೆ ನಾನು ಇದಿಲ್ಲದೆ ಕನೆಕ್ಷನ್ ಕೊಡುವುದಿಲ್ಲ.

9. ಹಣ ಪೂರ್ತಿ ಕೊಡುವ ಮೊದಲು

ಒಂದು ಪೋರ್ಟ್, ಹತ್ತು ಮನೆ, ಒಂದು ತಿಂಗಳು. ಅಷ್ಟು ಓಡಿಸಿ ನೋಡಿ ಉಳಿದದ್ದಕ್ಕೆ ಆರ್ಡರ್ ಕೊಡಿ. ಪವರ್ ಮೀಟರಿನಲ್ಲಿ ತರಂಗವನ್ನು 1490ಕ್ಕೆ ಇಟ್ಟೇ ಅಳೆಯಿರಿ. 1310ಕ್ಕೋ 1550ಕ್ಕೋ ಇಟ್ಟು ಅಳೆದು ಲೆಕ್ಕ ತಾಳೆಯಾಗದೆ ತಲೆಕೆಡಿಸಿಕೊಳ್ಳುವವರು ಬಹಳ. ಮನೆಯಿಂದ ವಾಪಸ್ ಬರುವ ಬೆಳಕನ್ನು ಸಾಮಾನ್ಯ ಮೀಟರ್ ಸರಿಯಾಗಿ ತೋರಿಸುವುದಿಲ್ಲ, ಅದನ್ನು ಓಎಲ್‌ಟಿಯ ಪರದೆಯಲ್ಲಿ ನೋಡಿ. ಎಸ್‌ಎಫ್‌ಪಿ ಒಂದು, ಪವರ್ ಸಪ್ಲೈ ಒಂದು ಹೆಚ್ಚುವರಿಯಾಗಿ ಬಿಲ್ಲಿನಲ್ಲೇ ಸೇರಿಸಿಕೊಳ್ಳಿ. ಕೆಟ್ಟ ಸಾಮಾನನ್ನು ಶಿವಮೊಗ್ಗದಲ್ಲೇ ಬದಲಿಸಿ ಕೊಡುತ್ತಾರೋ, ದೂರದ ಊರಿಗೆ ಕಳಿಸಿ ಕಾಯಬೇಕೋ ಎಂದು ಕೇಳಿ. ವಾರಂಟಿಯ ವರ್ಷಕ್ಕಿಂತ ಈ ಉತ್ತರ ಮುಖ್ಯ.

ಮೇ ಕೊನೆಯ ವಾರದಲ್ಲಿ ಎಲ್ಲ ಮನೆಗಳ ಡಿಬಿಎಂ ಒಂದು ಪುಸ್ತಕದಲ್ಲಿ ಬರೆದಿಡಿ, ಕಂಬದ ನಂಬರು, ಸ್ಪ್ಲಿಟರಿನ ಎಳೆಯ ಬಣ್ಣ ಸಮೇತ. ಆಗಸ್ಟಿನಲ್ಲಿ ಯಾವುದಾದರೂ ಕೇರಿಯ ಅಂಕಿ 2 ಡಿಬಿ ಇಳಿದಿದ್ದರೆ ಅಲ್ಲಿಗೆ ಕಂಪ್ಲೇಂಟ್ ಬರುವ ಮೊದಲೇ ಹೋಗಿ, ಮೊದಲು ಜಾಯಿಂಟ್ ಬಾಕ್ಸಿನ ಮುಚ್ಚಳ ತೆಗೆಯಿರಿ.